ಪತ್ರಕರ್ತರ ಜೊತೆ ಒಳ್ಳೆಯ ಸಂಬಂಧ: ಉದ್ಯಮಿಗಳು ಎಲ್ಲಿಂದ ಶುರು ಮಾಡಬೇಕು?

ಕಾರ್ಖಾನೆ, ಹೋಟೆಲು, ಸ್ಟಾರ್ಟಪ್ ನಡೆಸುವ ಓದುಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಕೇಳುತ್ತಲೇ ಇರುತ್ತಾರೆ. ‘ನಮ್ಮ ಪ್ರೆಸ್ ನೋಟ್ ಯಾಕೆ ಹಾಕಲ್ಲ?’ ‘ಪೇಪರ್‌ನವರು ಫೋನ್ ಮಾಡಿದರೆ ಏನು ಹೇಳಬೇಕು?’ ‘ಜಾಹೀರಾತು ಕೊಟ್ಟರೂ ನಮ್ಮ ವಿರುದ್ಧವೇ ಬರೆದರಲ್ಲ, ಇದು ಸರೀನಾ?’ ಮೂರಕ್ಕೂ ಬೇರು ಒಂದೇ. ಸುದ್ದಿಮನೆಯ ಕೆಲಸ ಹೇಗೆ ನಡೆಯುತ್ತದೆ ಅಂತ ನಮ್ಮ ಉದ್ಯಮಿಗಳಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಯಾರೂ ಹೇಳಿಕೊಟ್ಟಿಲ್ಲ ಕೂಡ.

ಮೊದಲೇ ಒಂದು ಮಾತು. ಒಳ್ಳೆಯ ಸಂಬಂಧ ಇದ್ದರೆ ನಿಮ್ಮ ಬಗ್ಗೆ ಒಳ್ಳೆಯದೇ ಬರುತ್ತದೆ ಅಂತ ಅಂದುಕೊಳ್ಳಬೇಡಿ. ವರದಿಗಾರರಿಗೆ ಏನೋ ಅನುಮಾನ ಬಂತು. ಬರೆಯುವ ಮೊದಲು ನಿಮಗೆ ಫೋನ್ ಮಾಡಿದರು. ನೀವು ಎತ್ತಿದಿರಿ. ನೀವು ಹೇಳಿದ್ದನ್ನು ಅವರು ನಂಬಿದರು. ಇಷ್ಟು ಆದರೆ ಸಂಬಂಧ ಚೆನ್ನಾಗಿದೆ ಅಂತ ಅರ್ಥ. ಆ ನಂಬಿಕೆ ಹುಟ್ಟುವುದು ಮಾತ್ರ ಕೆಟ್ಟ ಸುದ್ದಿ ಇದ್ದ ದಿನ ನೀವು ಹೇಗೆ ನಡೆದುಕೊಂಡಿರಿ ಅನ್ನುವುದರಿಂದ. ಹಾಗಾಗಿ 7ನೇ ಹಂತವನ್ನು ಉದ್ದವಾಗಿ ಬರೆದಿದ್ದೇನೆ. ಆತುರದಲ್ಲಿರುವವರು ಅದನ್ನಾದರೂ ಓದಿ.

ಶುರು ಮಾಡುವ ಮೊದಲು ಏನೇನು ಬೇಕು

ದೊಡ್ಡ ಪಿ.ಆರ್. ಏಜೆನ್ಸಿ (ಪತ್ರಿಕೆಗಳ ಜೊತೆ ನಿಮ್ಮ ಪರವಾಗಿ ವ್ಯವಹರಿಸುವ ಸಂಸ್ಥೆ) ಬೇಕೇ ಬೇಕು ಅಂತೇನಿಲ್ಲ. ಪತ್ರಕರ್ತರ ಜೊತೆ ಮಾತನಾಡಲು ಕಂಪನಿಯಲ್ಲಿ ಒಬ್ಬರು ಇರಲಿ, ಅವರು ರಜೆಯಲ್ಲಿದ್ದರೆ ಇನ್ನೊಬ್ಬರು ಇರಲಿ. ರಾತ್ರಿ 10ಕ್ಕೂ ಎತ್ತುವ ಒಂದು ಮೊಬೈಲ್ ನಂಬರ್ ಇರಲಿ. ಕಂಪನಿ ಶುರುವಾದ ವರ್ಷ, ಏನು ತಯಾರಿಸುತ್ತೀರಿ, ಎಷ್ಟು ಜನ ಕೆಲಸ ಮಾಡುತ್ತಾರೆ, ಘಟಕಗಳು ಎಲ್ಲಿವೆ, ಮುಖ್ಯಸ್ಥರ ಹೆಸರಿನ ಸರಿಯಾದ ಕನ್ನಡ ಕಾಗುಣಿತ, ಇಷ್ಟೂ ಇರುವ ಒಂದೇ ಪುಟದ ಮಾಹಿತಿ ಸಿದ್ಧ ಇರಲಿ. ನಾಲ್ಕೈದು ಒಳ್ಳೆಯ ಫೋಟೊಗಳೂ ಇರಲಿ. ಅದರಲ್ಲಿ ಒಂದಾದರೂ ಹಾರ, ಶಾಲು, ದೀಪ ಬೆಳಗುವುದು ಇಲ್ಲದ, ಕೆಲಸ ನಡೆಯುತ್ತಿರುವ ಜಾಗದ ಫೋಟೊ ಆಗಿರಲಿ.

1. ಸುದ್ದಿ ಯಾವುದು, ಜಾಹೀರಾತು ಯಾವುದು ಅಂತ ಬೇರ್ಪಡಿಸಿ

ನಿಮ್ಮ ಕಂಪನಿಗೆ 25 ವರ್ಷ ತುಂಬಿದ್ದು ನಿಮಗೆ ಹಬ್ಬ. ಓದುಗನಿಗೆ ಅದರಿಂದ ಏನಾಗಬೇಕು? ಅದೇ ಕಂಪನಿ ಊರಿನ 80 ಹುಡುಗಿಯರಿಗೆ ವೆಲ್ಡಿಂಗ್ ಕಲಿಸಿ ಕೆಲಸ ಕೊಟ್ಟರೆ ಅದು ಸುದ್ದಿ. ಹೊಸ ಘಟಕ, ಕೆಲಸ ಹೋಗುವುದು, ಬೆಲೆ ಏರುವುದು, ಕಚ್ಚಾವಸ್ತು ಸಿಗದಿರುವುದು, ಹೊಸ ತಂತ್ರಜ್ಞಾನ, ಕೋರ್ಟ್ ತೀರ್ಪು ಎಲ್ಲವೂ ಸುದ್ದಿಯೇ. ಏನನ್ನಾದರೂ ಕಳಿಸುವ ಮೊದಲು ‘ನನಗೆ ಪರಿಚಯವೇ ಇಲ್ಲದವನು ಇದನ್ನು ಯಾಕೆ ಓದಬೇಕು?’ ಅಂತ ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಜಾಗ ಕೊಂಡು ಜಾಹೀರಾತು ಹಾಕಿ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಇಲ್ಲಿ ಬಹಳ ಜನ ಎಡವುತ್ತಾರೆ. ಸುದ್ದಿಯ ವೇಷದ ಜಾಹೀರಾತಿಗೆ ಅಡ್ವರ್ಟೋರಿಯಲ್ ಅನ್ನುತ್ತಾರೆ. ಅದರ ಮೇಲೆ ‘ಜಾಹೀರಾತು’ ಅಂತ ಸ್ಪಷ್ಟವಾಗಿ ಹಾಕಿದ್ದರೆ ತಪ್ಪಿಲ್ಲ. ದುಡ್ಡು ಕೊಟ್ಟು, ಆ ಪದವನ್ನು ಮುಚ್ಚಿಟ್ಟು ಸುದ್ದಿ ಅಂತ ಹಾಕಿಸಿದರೆ ಅದು ಪೇಯ್ಡ್ ನ್ಯೂಸ್, ಅಂದರೆ ಕಾಸಿಗಾಗಿ ಸುದ್ದಿ. ಭಾರತೀಯ ಪತ್ರಿಕಾ ಮಂಡಳಿ (ಪತ್ರಿಕೆಗಳ ನಡವಳಿಕೆ ನೋಡಿಕೊಳ್ಳುವ ಪ್ರೆಸ್ ಕೌನ್ಸಿಲ್) 2010ರಲ್ಲಿ ಇದರ ಬಗ್ಗೆಯೇ ವರದಿ ಕೊಟ್ಟಿತ್ತು. ಓದುಗರು ಇದನ್ನು ಬೇಗ ಕಂಡುಹಿಡಿಯುತ್ತಾರೆ. ಹೆಸರು ಕೆಡುವುದು ಪತ್ರಿಕೆಯದ್ದಷ್ಟೇ ಅಲ್ಲ, ನಿಮ್ಮದೂ.

2. ಯಾರು ಏನು ಬರೆಯುತ್ತಾರೆ ಅಂತ ತಿಳಿದುಕೊಳ್ಳಿ

‘ಪೇಪರ್‌ನವರು’ ಅಂತ ಒಂದೇ ಜಾತಿ ಇಲ್ಲ. ಒಬ್ಬೊಬ್ಬ ವರದಿಗಾರರಿಗೂ ಒಂದು ಬೀಟ್ ಇರುತ್ತದೆ, ಅಂದರೆ ಅವರಿಗೆ ವಹಿಸಿದ ಕ್ಷೇತ್ರ. ಅಪರಾಧ, ಪಾಲಿಕೆ, ಶಿಕ್ಷಣ, ವಾಣಿಜ್ಯ ಹೀಗೆ. ಜಿಲ್ಲೆಯಲ್ಲಿ ಜಿಲ್ಲಾ ವರದಿಗಾರರು ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ತಾಲ್ಲೂಕಿನಲ್ಲಿ ಬಹುಪಾಲು ಸ್ಟ್ರಿಂಗರ್‌ಗಳು ಇರುತ್ತಾರೆ, ಕಾಯಂ ನೌಕರಿ ಇಲ್ಲದೆ ಕಳಿಸಿದ ಸುದ್ದಿಗೆ ಇಷ್ಟು ಅಂತ ದುಡ್ಡು ಪಡೆಯುವವರು. ವರದಿಗಾರರು ಕಳಿಸಿದ್ದನ್ನು ತಿದ್ದಿ, ಶೀರ್ಷಿಕೆ ಕೊಟ್ಟು, ಪುಟದಲ್ಲಿ ಕೂರಿಸುವವರು ಡೆಸ್ಕ್‌ನಲ್ಲಿರುವ ಉಪಸಂಪಾದಕರು. ‘ಹೆಡ್ಡಿಂಗ್ ಹೀಗೆ ಹಾಕಿದ್ದೀಯಲ್ಲ’ ಅಂತ ವರದಿಗಾರರ ಮೇಲೆ ರೇಗುವ ಮೊದಲು ಇದು ನೆನಪಿರಲಿ. ಆ ಶೀರ್ಷಿಕೆಯನ್ನು ಸಾಮಾನ್ಯವಾಗಿ ಅವರು ಕೊಟ್ಟಿರುವುದಿಲ್ಲ.

ಒಂದು ತಿಂಗಳು ನಿಮ್ಮೂರಿನ ಪುಟಗಳನ್ನು ಬೈಲೈನ್ (ಸುದ್ದಿಯ ಜೊತೆ ಬರುವ ವರದಿಗಾರರ ಹೆಸರು) ನೋಡಿಕೊಂಡು ಓದಿ. ಪ್ರಜಾವಾಣಿ, ವಿಜಯ ಕರ್ನಾಟಕ, ಉದಯವಾಣಿ, ಸಂಯುಕ್ತ ಕರ್ನಾಟಕ, ಯಾವುದು ನಿಮ್ಮ ಕಡೆ ಜಾಸ್ತಿ ಓದುತ್ತಾರೋ ಅದು. ಸ್ಥಳೀಯ ಪತ್ರಿಕೆಗಳನ್ನು ಬಿಡಲೇಬೇಡಿ. ಮೈಸೂರಿನವರಿಗೆ ಆಂದೋಲನ, ದಾವಣಗೆರೆಯವರಿಗೆ ಜನತಾವಾಣಿ ಎಷ್ಟು ಹತ್ತಿರ ಅಂತ ಅಲ್ಲಿನವರಿಗೇ ಗೊತ್ತು. ಬೆಂಗಳೂರಿನಲ್ಲಿ ಕೂತು ಇಂಗ್ಲಿಷ್ ಪತ್ರಿಕೆಯ ವಾಣಿಜ್ಯ ಪುಟವನ್ನಷ್ಟೇ ನೋಡುವ ಮುಖ್ಯಸ್ಥರಿಗೆ, ಕಾರ್ಖಾನೆ ಪಕ್ಕದ ಹಳ್ಳಿಯವರು ಏನು ಓದುತ್ತಿದ್ದಾರೆ ಅಂತ ಗೊತ್ತಾಗುವ ಹೊತ್ತಿಗೆ ಗೇಟಿನ ಮುಂದೆ ಜನ ಸೇರಿರುತ್ತಾರೆ.

3. ಕೆಲಸ ಇಲ್ಲದಾಗ ಪರಿಚಯ ಮಾಡಿಕೊಳ್ಳಿ

ಫೋನ್ ಮಾಡಿ, ಹೆಸರು ಹೇಳಿ, ‘ನಿಮ್ಮ ವರದಿ ಓದಿದೆ, ನಾವು ಇಂಥ ಉದ್ಯಮದಲ್ಲಿದ್ದೇವೆ, ಈ ಕ್ಷೇತ್ರದ ಬಗ್ಗೆ ಏನಾದರೂ ತಿಳಿಯಬೇಕಿದ್ದರೆ ಕೇಳಿ ಸರ್/ಮೇಡಂ’ ಅನ್ನಿ. ಒಮ್ಮೆ ಘಟಕ ನೋಡಲು ಕರೆಯಿರಿ. ನಿಮ್ಮ ಬಗ್ಗೆ ಬರೆಯಿರಿ ಅಂತ ಮಾತ್ರ ಕೇಳಬೇಡಿ. ಗೋಡಂಬಿ ಬೆಲೆ ಯಾಕೆ ಏರಿತು, ಫೌಂಡ್ರಿಗೆ ಎಷ್ಟು ವಿದ್ಯುತ್ ಬೇಕು, ಗಾರ್ಮೆಂಟ್ಸ್‌ನಲ್ಲಿ ಆರ್ಡರ್ ಯಾಕೆ ಇಳಿಯಿತು ಅಂತ ಸರಳವಾಗಿ ಬಿಡಿಸಿ ಹೇಳುವ ಉದ್ಯಮಿ ಸಿಕ್ಕರೆ ವರದಿಗಾರರು ಆ ನಂಬರನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಬಜೆಟ್ ದಿನ ಮೊದಲ ಫೋನ್ ನಿಮಗೇ ಬರುತ್ತದೆ.

ಕಾಸಿಯಾ (ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘ), ಎಫ್‌ಕೆಸಿಸಿಐ (ರಾಜ್ಯದ ವಾಣಿಜ್ಯೋದ್ಯಮ ಸಂಸ್ಥೆಗಳ ಒಕ್ಕೂಟ), ಪೀಣ್ಯ ಕೈಗಾರಿಕಾ ಸಂಘದಂಥ ಕಡೆ ನೀವು ಸದಸ್ಯರಾಗಿದ್ದರೆ ಅಲ್ಲಿನ ಕಾರ್ಯಕ್ರಮಗಳಿಗೆ ಬರುವ ವರದಿಗಾರರನ್ನು ಮಾತನಾಡಿಸಿ. ಜುಲೈ 1ರ ಪತ್ರಿಕಾ ದಿನಾಚರಣೆಗೆ (1843ರಲ್ಲಿ ಮೊದಲ ಕನ್ನಡ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಬಂದ ದಿನ ಅದು) ಜಿಲ್ಲಾ ಪತ್ರಕರ್ತರ ಸಂಘದವರು ಕರೆದರೆ ಹೋಗಿ ಬನ್ನಿ.

4. ಪ್ರೆಸ್ ನೋಟನ್ನು ಸುದ್ದಿಯ ಹಾಗೆ ಬರೆಯಿರಿ

ಬಹುಪಾಲು ಪತ್ರಿಕಾ ಪ್ರಕಟಣೆಗಳು ಮೊದಲ ಸಾಲಿನಲ್ಲೇ ಸೋಲುತ್ತವೆ. ತುಮಕೂರಿನಲ್ಲಿ ಒಂದು ಆಹಾರ ಸಂಸ್ಕರಣಾ ಘಟಕ ಶುರುವಾಗುತ್ತಿದೆ ಅಂತಿಟ್ಟುಕೊಳ್ಳಿ. ಬರುವ ನೋಟ್ ಹೀಗಿರುತ್ತದೆ: ‘ಗುಣಮಟ್ಟಕ್ಕೆ ಮತ್ತೊಂದು ಹೆಸರಾದ, ಗ್ರಾಹಕರ ಮನಗೆದ್ದ ನಮ್ಮ ಹೆಮ್ಮೆಯ ಸಂಸ್ಥೆಯು ಮಾನ್ಯ ಅಧ್ಯಕ್ಷರ ದೂರದೃಷ್ಟಿಯ ಫಲವಾಗಿ ಮತ್ತೊಂದು ಮೈಲಿಗಲ್ಲು...’ ಡೆಸ್ಕ್‌ನಲ್ಲಿ ಇದನ್ನು ಓದುವವರಿಗೆ ಒಂದು ರಾಶಿ ಇಂಥವೇ ಬಂದಿರುತ್ತವೆ. ಬದಲಿಗೆ ಹೀಗೆ ಬರೆಯಿರಿ: ‘ತುಮಕೂರಿನ ವಸಂತನರಸಾಪುರದಲ್ಲಿ ಹುಣಸೆಹಣ್ಣು ಸಂಸ್ಕರಿಸುವ ಘಟಕ ಸೋಮವಾರ ಶುರುವಾಗಲಿದೆ. 120 ಜನರಿಗೆ ಕೆಲಸ ಸಿಗಲಿದ್ದು, ಸುತ್ತಲಿನ ರೈತರಿಂದ ನೇರವಾಗಿ ಹಣ್ಣು ಖರೀದಿಸಲಾಗುತ್ತದೆ.’ ಯಾರು, ಏನು, ಎಲ್ಲಿ, ಯಾವಾಗ ಎಲ್ಲ ಎರಡೇ ಸಾಲಿನಲ್ಲಿ ಬಂತು, ಅಲ್ವಾ? ಅಧ್ಯಕ್ಷರ ಮಾತು ಮೂರನೇ ಪ್ಯಾರಾದಲ್ಲಿ ಬರಲಿ, ಅದೂ ಒಂದೇ ವಾಕ್ಯ. ಪತ್ರಿಕೆಯಲ್ಲಿ ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸುತ್ತಾರೆ, ಹಾಗಾಗಿ ಮುಖ್ಯವಾದದ್ದು ಮೇಲೇ ಇರಬೇಕು.

ಇನ್ನು ಕಳಿಸುವ ರೀತಿ. ಇದು ಚಿಕ್ಕ ವಿಷಯ ಅನ್ನಿಸುತ್ತದೆ, ಆದರೆ ಎಷ್ಟೋ ಒಳ್ಳೆಯ ಸುದ್ದಿಗಳು ಇಲ್ಲೇ ಬಿದ್ದುಹೋಗುತ್ತವೆ.

ಕನ್ನಡದ ನೋಟನ್ನು ಯೂನಿಕೋಡ್‌ನಲ್ಲಿ (ಯಾವ ಫೋನು, ಕಂಪ್ಯೂಟರಿನಲ್ಲೂ ಸರಿಯಾಗಿ ಕಾಣುವ ಅಕ್ಷರ ವ್ಯವಸ್ಥೆ) ಟೈಪ್ ಮಾಡಿ, ಮೇಲ್‌ನೊಳಗೇ ಅಥವಾ ವರ್ಡ್ ಫೈಲಿನಲ್ಲಿ ಕಳಿಸಿ. ಲೆಟರ್‌ಹೆಡ್ ಮೇಲೆ ಪ್ರಿಂಟ್ ತೆಗೆದು, ಸೀಲು ಹೊಡೆದು, ಅದನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡಿದರೆ ಡೆಸ್ಕ್‌ನವರು ಪೂರ್ತಿ ಮತ್ತೆ ಟೈಪ್ ಮಾಡಬೇಕು. ಸಂಜೆ 7 ಗಂಟೆಗೆ ಯಾರು ಮಾಡುತ್ತಾರೆ? ಹಳೆಯ ನುಡಿ ಫಾಂಟಿನ ಪಿಡಿಎಫ್ ಕಳಿಸಿದರೂ ಅಷ್ಟೇ, ಕಾಪಿ ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಾಗಿ ಕಳಿಸಿದ ಫೋಟೊ ಕುಗ್ಗಿ, ಅಚ್ಚಿನಲ್ಲಿ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಮೇಲ್ ಮಾಡಿ. ‘ಎಡದಿಂದ’ ಅಂತ ಹಾಕಿ ಫೋಟೊದಲ್ಲಿರುವ ಎಲ್ಲರ ಹೆಸರು, ಹುದ್ದೆ ಬರೆಯಿರಿ. ಕೊನೆಯಲ್ಲಿ ಸಂಪರ್ಕಿಸಬೇಕಾದವರ ಹೆಸರು, ನಂಬರ್ ಇರಲಿ. ಜಿಲ್ಲಾ ಪುಟಗಳು ಸಂಜೆಗೇ ಮುಗಿಯುವುದರಿಂದ ಮಧ್ಯಾಹ್ನದೊಳಗೆ ಕಳಿಸಿದರೆ ಒಳ್ಳೆಯದು. ಕಳಿಸಿದ ಮೇಲೆ ಒಂದು ಸಲ ಫೋನ್ ಮಾಡಿ ‘ಬಂತಾ’ ಅಂತ ಕೇಳಬಹುದು. ‘ಯಾವಾಗ ಹಾಕ್ತೀರಿ’ ಅಂತ ದಿನಾ ಕೇಳಬಾರದು.

5. ಪತ್ರಿಕಾಗೋಷ್ಠಿ ಅಪರೂಪಕ್ಕೆ ಕರೆಯಿರಿ

ಪ್ರೆಸ್ ನೋಟಿನಲ್ಲಿ ಮುಗಿಯುವುದಕ್ಕೆ ಪತ್ರಿಕಾಗೋಷ್ಠಿ ಬೇಡ. ನೋಡಿಸುವಂಥದ್ದು ಇದ್ದಾಗ, ಅಥವಾ ಬಹಳ ಪ್ರಶ್ನೆಗಳು ಬರುವ ವಿಷಯ ಇದ್ದಾಗ ಮಾತ್ರ ಕರೆಯಿರಿ. ಬೆಂಗಳೂರಾದರೆ ಕಬ್ಬನ್ ಪಾರ್ಕಿನ ಪ್ರೆಸ್ ಕ್ಲಬ್, ಜಿಲ್ಲೆಯಾದರೆ ಪತ್ರಿಕಾ ಭವನ ಎಲ್ಲರಿಗೂ ಗೊತ್ತಿರುವ ಜಾಗಗಳು, ಮೊದಲೇ ಕಾಯ್ದಿರಿಸಬೇಕು. ಬೆಳಿಗ್ಗೆ 11ರ ಆಸುಪಾಸು ಒಳ್ಳೆಯ ಸಮಯ. ಮುಖ್ಯಮಂತ್ರಿ ಊರಿಗೆ ಬರುವ ದಿನ ಇಟ್ಟುಕೊಂಡರೆ ಯಾರೂ ಬರಲಾರರು.

ಹೇಳಿದ ಹೊತ್ತಿಗೆ ಶುರು ಮಾಡಿ. 10 ನಿಮಿಷ ನೀವು ಮಾತನಾಡಿ, ಉಳಿದದ್ದು ಪ್ರಶ್ನೆಗಳಿಗೆ. ವೇದಿಕೆ ಮೇಲೆ ಎಂಟು ಜನರನ್ನು ಕೂರಿಸಿ ಒಬ್ಬೊಬ್ಬರಿಂದಲೂ ಸ್ವಾಗತ ಹೇಳಿಸಬೇಡಿ. ಪ್ರಶ್ನೆ ಕೇಳಿದವರು ಚಿಕ್ಕ ಪತ್ರಿಕೆಯವರು ಅಂತ ಅರ್ಧ ಉತ್ತರ ಕೊಡುವುದಂತೂ ಬೇಡವೇ ಬೇಡ. ಎಲ್ಲರೂ ಅದನ್ನು ಗಮನಿಸುತ್ತಾರೆ.

6. ಮಾತನಾಡುವಾಗಿನ ಕಟ್ಟುಪಾಡುಗಳು

ನಾಲ್ಕು ಪದ ತಿಳಿದಿರಲಿ. ಆನ್ ರೆಕಾರ್ಡ್ ಅಂದರೆ ನೀವು ಹೇಳಿದ್ದನ್ನು ನಿಮ್ಮ ಹೆಸರಿನಲ್ಲೇ ಬರೆಯಬಹುದು. ಬ್ಯಾಕ್‌ಗ್ರೌಂಡ್ ಅಂದರೆ ಮಾಹಿತಿ ಬಳಸಬಹುದು, ಹೆಸರು ಹಾಕುವಂತಿಲ್ಲ. ಆಫ್ ದಿ ರೆಕಾರ್ಡ್ ಅಂದರೆ ಬರೆಯುವಂತಿಲ್ಲ. ಎಂಬಾರ್ಗೋ ಅಂದರೆ ಇಂಥ ದಿನ, ಇಂಥ ಗಂಟೆಯವರೆಗೆ ಪ್ರಕಟಿಸುವಂತಿಲ್ಲ. ಇವೆಲ್ಲ ಕಾನೂನಲ್ಲ, ಇಬ್ಬರೂ ಮೊದಲೇ ಒಪ್ಪಿಕೊಳ್ಳಬೇಕಾದ ಮಾತು. ಎಲ್ಲ ಹೇಳಿಬಿಟ್ಟು ಕೊನೆಗೆ ‘ಇದು ಆಫ್ ದಿ ರೆಕಾರ್ಡ್ ಆಯ್ತಾ’ ಅಂದರೆ ಒಪ್ಪಬೇಕು ಅಂತ ಅವರಿಗೇನೂ ಇಲ್ಲ. ಪತ್ರಿಕೆಯಲ್ಲಿ ನೋಡಲು ಇಷ್ಟವಿಲ್ಲದ್ದನ್ನು ಹೇಳದೇ ಇರುವುದೇ ಸುರಕ್ಷಿತ. ತಮಾಷೆಗೂ ಬೇಡ. ಬ್ರಿಟನ್ನಿನ ಆಭರಣ ಉದ್ಯಮಿ ಜೆರಾಲ್ಡ್ ರಾಟ್ನರ್ 1991ರಲ್ಲಿ ಉದ್ಯಮಿಗಳ ಸಭೆಯೊಂದರಲ್ಲಿ ತಮ್ಮದೇ ಅಂಗಡಿಯ ಮಾಲು ಕಳಪೆ ಅಂತ ನಗೆಯಾಡಿದರು. ಮಾರನೇ ದಿನ ಪತ್ರಿಕೆಗಳಲ್ಲಿ ಅದೇ ಸುದ್ದಿ. ಕಂಪನಿಯ ಬೆಲೆ ಕುಸಿಯಿತು, ಮುಂದೆ ಅವರು ಕಂಪನಿಯಿಂದಲೇ ಹೊರಬೀಳಬೇಕಾಯಿತು, ಕಂಪನಿ ತನ್ನ ಹೆಸರನ್ನೂ ಬದಲಿಸಿಕೊಂಡಿತು.

ಟಿವಿಯವರು ಕೇಳುವ ಬೈಟ್ ಅಂದರೆ ಪ್ರಸಾರಕ್ಕೆ ಬೇಕಾದ ಚಿಕ್ಕ ಮಾತಿನ ತುಣುಕು. ನೀವು ಐದು ನಿಮಿಷ ಮಾತನಾಡಿದರೆ ಅದರಲ್ಲಿ ಯಾವ 15 ಸೆಕೆಂಡ್ ಆರಿಸಬೇಕು ಅಂತ ಅವರು ತೀರ್ಮಾನಿಸುತ್ತಾರೆ. ಹಾಗಾಗಿ ಮುಖ್ಯವಾದದ್ದನ್ನು ಎರಡು ಸಾಲಿನಲ್ಲಿ, ಆಡುವ ಕನ್ನಡದಲ್ಲಿ ಹೇಳಿ. ಗೊತ್ತಿಲ್ಲದ್ದನ್ನು ಕೇಳಿದರೆ ‘ಗೊತ್ತಿಲ್ಲ, ತಿಳಿದುಕೊಂಡು 4 ಗಂಟೆಯೊಳಗೆ ಹೇಳುತ್ತೇನೆ’ ಅನ್ನಿ. 4ಕ್ಕೆ ತಪ್ಪದೆ ಫೋನ್ ಮಾಡಿ. ಬರೆದದ್ದನ್ನು ಪ್ರಕಟಣೆಗೆ ಮೊದಲು ತೋರಿಸಿ ಅಂತ ಕೇಳಬೇಡಿ. ಅಂಕಿಅಂಶ ಸರಿಯಿದೆಯಾ ಅಂತ ನೋಡಿಕೊಡಲು ಸಿದ್ಧ ಅಂದರೆ ಸಾಕು.

ಷೇರುಪೇಟೆಯಲ್ಲಿರುವ ಕಂಪನಿಯವರಿಗೆ ಒಂದು ಎಚ್ಚರಿಕೆ. ಷೇರಿನ ಬೆಲೆ ಏರುಪೇರಾಗುವಂಥ ಮಾಹಿತಿಯನ್ನು ಮೊದಲು ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಬೇಕು. ಸ್ನೇಹದಿಂದ ಒಬ್ಬ ವರದಿಗಾರರ ಕಿವಿಗೆ ಹಾಕಿದರೂ ಸೆಬಿಯ (ಷೇರುಪೇಟೆಯ ನಿಯಂತ್ರಣ ಸಂಸ್ಥೆ) ನಿಯಮ ಮುರಿದ ಹಾಗೆ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 250ರಲ್ಲಿರುವ ಕಂಪನಿಗಳಂತೂ ಮಾಧ್ಯಮದಲ್ಲಿ ಬಂದ ವದಂತಿಯಿಂದ ಷೇರಿನ ಬೆಲೆ ಗಣನೀಯವಾಗಿ ಅಲುಗಾಡಿದರೆ, 24 ಗಂಟೆಯೊಳಗೆ ಹೌದು, ಅಲ್ಲ ಅಥವಾ ವಿಷಯ ಇಷ್ಟು ಅಂತ ಹೇಳಲೇಬೇಕು.

7. ಕೆಟ್ಟ ದಿನಕ್ಕೆ ಈಗಲೇ ತಯಾರಾಗಿ

ಘಟಕದಲ್ಲಿ ಬೆಂಕಿ ಬಿತ್ತು. ಕಾರ್ಮಿಕರು ಮುಷ್ಕರ ಕೂತರು. ನಿಮ್ಮ ತಿಂಡಿ ಪೊಟ್ಟಣದಲ್ಲಿ ಹುಳ ಸಿಕ್ಕಿದ ವಿಡಿಯೊ ಹರಿದಾಡುತ್ತಿದೆ. ಫೋನ್ ಬಡಿದುಕೊಳ್ಳುತ್ತಿದೆ. ನಮ್ಮಲ್ಲಿ ಬಹುಪಾಲು ಜನ ಆಗ ಫೋನ್ ಆಫ್ ಮಾಡಿ ವಕೀಲರ ಹತ್ತಿರ ಓಡುತ್ತಾರೆ, ಗೇಟಿನಲ್ಲಿ ಸೆಕ್ಯುರಿಟಿಯವರು ಕ್ಯಾಮೆರಾ ತಳ್ಳುತ್ತಾರೆ, ಸಂಜೆ ಟಿವಿಯಲ್ಲಿ ಆ ತಳ್ಳಾಟವೇ ಸುದ್ದಿ. ಮಾರನೇ ದಿನದ ಪತ್ರಿಕೆಯಲ್ಲಿ ‘ಕಂಪನಿಯವರು ಪ್ರತಿಕ್ರಿಯೆಗೆ ಸಿಗಲಿಲ್ಲ’ ಅಂತ ಒಂದು ಸಾಲು. ಆ ಸಾಲನ್ನು ಓದುವವರು ತಪ್ಪು ಇವರದೇ ಅಂತ ತೀರ್ಮಾನಿಸಿಬಿಡುತ್ತಾರೆ.

ನೆಸ್ಲೆ ಕಂಪನಿಯ ಮ್ಯಾಗಿ ನೂಡಲ್ಸ್ ಪ್ರಕರಣ ನೆನಪಿದೆಯಲ್ಲ? 2015ರಲ್ಲಿ ಅದರಲ್ಲಿ ಸೀಸ ಹೆಚ್ಚಿದೆ ಅಂತ ಉತ್ತರ ಪ್ರದೇಶದ ಆಹಾರ ಇಲಾಖೆಯವರು ಎತ್ತಿದ ಪ್ರಶ್ನೆ ವಾರಗಟ್ಟಲೆ ಸುದ್ದಿಯಲ್ಲಿತ್ತು. ನೆಸ್ಲೆಯ ಜಾಗತಿಕ ಸಿಇಒ ಪಾಲ್ ಬುಲ್ಕೆ ದಿಲ್ಲಿಗೆ ಬಂದು ಪತ್ರಿಕಾಗೋಷ್ಠಿ ನಡೆಸಿದ್ದು ಜೂನ್ 5ರಂದು. ಅಷ್ಟು ಹೊತ್ತಿಗೆ ಹಲವು ರಾಜ್ಯಗಳು ಮಾರಾಟ ನಿಲ್ಲಿಸಿದ್ದವು, ಅದೇ ದಿನ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವೂ ಎಲ್ಲ ಮಾಲು ವಾಪಸ್ ತೆಗೆದುಕೊಳ್ಳಿ ಅಂತ ಆದೇಶಿಸಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು, ನವೆಂಬರ್‌ನಲ್ಲಿ ಮ್ಯಾಗಿ ಅಂಗಡಿಗೆ ಮರಳಿತು. ಕೋರ್ಟ್‌ನಲ್ಲಿ ಗೆದ್ದರೂ ಆ ಐದು ತಿಂಗಳ ವ್ಯಾಪಾರ ವಾಪಸ್ ಬರಲಿಲ್ಲ. ನನ್ನ ಅಭಿಪ್ರಾಯದಲ್ಲಿ, ಮೊದಲ ವಾರದಲ್ಲೇ ಮುಖ್ಯಸ್ಥರು ಎದುರು ಬಂದು ಪರೀಕ್ಷೆಯ ವಿವರಗಳನ್ನು ಮುಂದಿಟ್ಟಿದ್ದರೆ ಜನರ ಭಯ ಅಷ್ಟು ಬೆಳೆಯುತ್ತಿರಲಿಲ್ಲ.

1982ರಲ್ಲಿ ಅಮೆರಿಕದ ಷಿಕಾಗೊ ಸುತ್ತ ಯಾರೋ ಟೈಲೆನಾಲ್ ಎಂಬ ನೋವಿನ ಮಾತ್ರೆಗಳಿಗೆ ಸಯನೈಡ್ ಬೆರೆಸಿ 7 ಜನ ಸತ್ತರು. ತಪ್ಪು ಅದನ್ನು ಮಾರುತ್ತಿದ್ದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯದ್ದಲ್ಲ. ಆದರೂ ಅವರು ಮಾಧ್ಯಮಗಳ ಮೂಲಕ ‘ಈ ಮಾತ್ರೆ ತೆಗೆದುಕೊಳ್ಳಬೇಡಿ’ ಅಂತ ತಾವೇ ಹೇಳಿ, ಸುಮಾರು 3.1 ಕೋಟಿ ಬಾಟಲಿ ವಾಪಸ್ ಪಡೆದರು. ಬ್ರ್ಯಾಂಡ್ ಉಳಿಯಿತು. ಉಲ್ಟಾ ಉದಾಹರಣೆ ಬ್ರಿಟನ್ನಿನ ತೈಲ ಕಂಪನಿ ಬಿ.ಪಿ.ಯದ್ದು. 2010ರಲ್ಲಿ ಮೆಕ್ಸಿಕೊ ಕೊಲ್ಲಿಯ ತೈಲಬಾವಿ ಸ್ಫೋಟದಲ್ಲಿ 11 ಕೆಲಸಗಾರರು ಸತ್ತಿದ್ದರು, ಸಮುದ್ರಕ್ಕೆ ಎಣ್ಣೆ ಹರಿಯುತ್ತಲೇ ಇತ್ತು. ಆಗ ಸಿಇಒ ಟೋನಿ ಹೇವರ್ಡ್ ಕ್ಯಾಮೆರಾ ಮುಂದೆ ‘ನನಗೆ ನನ್ನ ಬದುಕು ವಾಪಸ್ ಬೇಕು’ ಅಂದರು. ಸತ್ತವರ ಮನೆಯವರಿಗೆ ಅದು ಹೇಗೆ ಕೇಳಿಸಿರಬೇಕು? ಕೊನೆಗೆ ಅವರು ಹುದ್ದೆ ಬಿಡಬೇಕಾಯಿತು.

ನೀವು ಮಾಡಬೇಕಾದದ್ದು ಇಷ್ಟು. ಘಟನೆಯಾದ ಮೊದಲ ಒಂದೆರಡು ಗಂಟೆಯಲ್ಲೇ ಒಂದು ಚಿಕ್ಕ ಹೇಳಿಕೆ ಕೊಡಿ: ‘ಇಂದು ಬೆಳಿಗ್ಗೆ 9ಕ್ಕೆ ನಮ್ಮ ಘಟಕದಲ್ಲಿ ಬೆಂಕಿ ಕಾಣಿಸಿಕೊಂಡಿದೆ. ಇಬ್ಬರು ಗಾಯಗೊಂಡಿದ್ದು ಆಸ್ಪತ್ರೆಯಲ್ಲಿದ್ದಾರೆ, ಮನೆಯವರಿಗೆ ತಿಳಿಸಿದ್ದೇವೆ. ಕಾರಣ ಇನ್ನೂ ಗೊತ್ತಾಗಿಲ್ಲ. ಸಂಜೆ 4ಕ್ಕೆ ಮತ್ತೆ ಮಾಹಿತಿ ಕೊಡುತ್ತೇವೆ.’ ಮೊದಲು ಜನ, ಆಮೇಲೆ ನಷ್ಟದ ಲೆಕ್ಕ. ಗಾಯಗೊಂಡವರ ಹೆಸರನ್ನು ಅವರ ಮನೆಯವರಿಗೆ ಹೇಳುವ ಮೊದಲು ಮಾಧ್ಯಮಕ್ಕೆ ಕೊಡಬೇಡಿ. ಕಾರಣದ ಬಗ್ಗೆ ಊಹೆ ಬೇಡ. ಕೆಲಸಗಾರನದೇ ತಪ್ಪು ಅಂತ ಆ ದಿನ ಹೇಳಲೇಬೇಡಿ, ಅದು ಅನ್ಯಾಯ. ಕಾಲ ಸರಿದ ಮೇಲೆ ಸುಳ್ಳು ಅಂತ ಸಾಬೀತಾದರೆ ನಿಮ್ಮ ಮಾತಿಗೆ ಬೆಲೆಯೇ ಉಳಿಯುವುದಿಲ್ಲ. ‘ನೋ ಕಾಮೆಂಟ್ಸ್’ ಅನ್ನುವ ಬದಲು ಯಾಕೆ ಈಗ ಹೇಳಲು ಆಗುತ್ತಿಲ್ಲ, ಯಾವಾಗ ಹೇಳುತ್ತೀರಿ ಅಂತ ತಿಳಿಸಿ. ವಕೀಲರನ್ನು ಕೇಳಿ, ಆದರೆ ಬಾಯಿಗೆ ಪೂರ್ತಿ ಬೀಗ ಹಾಕಿಕೊಳ್ಳಬೇಡಿ. ಗೇಟಿನ ಸೆಕ್ಯುರಿಟಿಯವರಿಗೆ, ರಿಸೆಪ್ಷನಿಸ್ಟ್‌ಗೆ ಇವತ್ತೇ ಹೇಳಿಕೊಡಿ: ಪತ್ರಕರ್ತರು ಬಂದರೆ ಕೂರಿಸಿ, ನೀರು ಕೊಟ್ಟು, ಈ ನಂಬರಿಗೆ ಫೋನ್ ಮಾಡಿ ಅಂತ.

8. ಕವರ್, ಉಡುಗೊರೆ, ಬೆದರಿಕೆ

ಪತ್ರಿಕಾಗೋಷ್ಠಿ ಮುಗಿದ ಮೇಲೆ ಲಕೋಟೆಯಲ್ಲಿ ದುಡ್ಡು ಹಂಚುವ ಚಾಳಿಗೆ ‘ಕವರ್’ ಅನ್ನುತ್ತಾರೆ. ಕೊಡಬೇಡಿ. ಮರ್ಯಾದಸ್ಥ ಪತ್ರಕರ್ತರಿಗೆ ಅದು ಅವಮಾನ, ಅವರೇ ಮತ್ತೆ ನಿಮ್ಮ ಕಡೆ ಬರುವುದಿಲ್ಲ. ಪೆನ್ನು, ನೋಟ್‌ಪ್ಯಾಡ್, ಕಾಫಿ, ತಿಂಡಿ ಸಾಕು.

ಜಾಹೀರಾತು ಕೊಡುವುದನ್ನು ಸುದ್ದಿಯ ಜೊತೆ ಗಂಟು ಹಾಕಬೇಡಿ. ‘ನಿಮ್ಮ ಪೇಪರ್‌ಗೆ ಇಷ್ಟು ಆ್ಯಡ್ ಕೊಡ್ತೀವಿ’ ಅಂತ ವರದಿಗಾರರಿಗೆ ನೆನಪಿಸಿದ ಕೂಡಲೇ ನೀವು ಅವರನ್ನು ಕಳೆದುಕೊಂಡಿರಿ. ಜಾಹೀರಾತು ವಿಭಾಗದ ಮಾತು ಆ ವಿಭಾಗದವರ ಜೊತೆಗೇ ಇರಲಿ.

ಇನ್ನೊಂದು ಕಡೆಯೂ ಇದೆ. ಪತ್ರಕರ್ತ ಅಂತ ಹೇಳಿಕೊಂಡು ಬಂದು, ದುಡ್ಡು ಕೊಡದಿದ್ದರೆ ವಿಡಿಯೊ ಹಾಕುತ್ತೇನೆ ಅಂತ ಹೆದರಿಸುವವರು ಇದ್ದಾರೆ. ಗುರುತಿನ ಚೀಟಿ ಕೇಳಿ, ಅವರ ಸಂಪಾದಕರ ನಂಬರ್ ಪಡೆದು ಫೋನ್ ಮಾಡಿ, ಪ್ರಶ್ನೆಗಳನ್ನು ಬರೆದು ಕಳಿಸಲು ಹೇಳಿ. ಜಿಲ್ಲಾ ಪತ್ರಕರ್ತರ ಸಂಘದಲ್ಲಿ ವಿಚಾರಿಸಿ. ದುಡ್ಡು ಕೇಳಿದ ಸಾಕ್ಷಿ ಇದ್ದರೆ ಪೊಲೀಸ್ ದೂರು ಕೊಡಿ. ಒಂದು ಸಲ ಕೊಟ್ಟರೆ ಮತ್ತೆ ಮತ್ತೆ ಬರುತ್ತಾರೆ. ಆದರೆ ಕಷ್ಟದ ಪ್ರಶ್ನೆ ಕೇಳಿದವರನ್ನೆಲ್ಲ ಈ ಪಟ್ಟಿಗೆ ಸೇರಿಸಬೇಡಿ. ಮಾಲಿನ್ಯದ ಬಗ್ಗೆ ಕೇಳುವುದು ಬ್ಲ್ಯಾಕ್‌ಮೇಲ್ ಅಲ್ಲ.

9. ತಪ್ಪು ವರದಿ ಬಂದರೆ

ಮೊದಲು ಅದು ತಪ್ಪೋ, ನಿಮಗೆ ಇಷ್ಟವಾಗದ ಸತ್ಯವೋ ಅಂತ ನೋಡಿ. ತಪ್ಪೇ ಆಗಿದ್ದರೆ ಅವತ್ತೇ ವರದಿಗಾರರಿಗೆ ಫೋನ್ ಮಾಡಿ, ಕೂಗಾಡದೆ, ‘ಇಲ್ಲಿ 40 ಅಂತ ಇದೆ, ದಾಖಲೆ ಪ್ರಕಾರ 14, ಪ್ರತಿ ಕಳಿಸುತ್ತಿದ್ದೇನೆ’ ಅನ್ನಿ. ಬಹುಪಾಲು ಇಲ್ಲೇ ಬಗೆಹರಿಯುತ್ತದೆ. ವರದಿಗಾರರನ್ನು ದಾಟಿ ನೇರವಾಗಿ ಮಾಲೀಕರಿಗೆ ಫೋನ್ ಮಾಡಿಸಿದರೆ ತಿದ್ದುಪಡಿ ಸಿಗಬಹುದು, ಸಂಬಂಧ ಮುಗಿಯುತ್ತದೆ.

ಸರಿಹೋಗದಿದ್ದರೆ ಸಂಪಾದಕರಿಗೆ ಬರಹದಲ್ಲಿ ತಿಳಿಸಿ. ಆಗಲೂ ಆಗದಿದ್ದರೆ ಪತ್ರಿಕೆಗಳ ವಿಷಯಕ್ಕೆ ಭಾರತೀಯ ಪತ್ರಿಕಾ ಮಂಡಳಿ ಇದೆ. ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ದೂರು ಕೊಡಬೇಕು, ಸಂಪಾದಕರಿಗೆ ಬರೆದ ಪತ್ರದ ಪ್ರತಿಯನ್ನೂ ಜೊತೆಗಿಡಬೇಕು. ಮಂಡಳಿ ಎಚ್ಚರಿಕೆ ಕೊಡಬಹುದು, ಖಂಡಿಸಬಹುದು, ದಂಡ ಹಾಕಲಾರದು. ಸುದ್ದಿ ಜಾಲತಾಣಗಳಿಗೆ 2021ರ ಐಟಿ ನಿಯಮದ ಪ್ರಕಾರ ದೂರು ಅಧಿಕಾರಿ ಇರಬೇಕು, ಅವರು 15 ದಿನದೊಳಗೆ ತೀರ್ಮಾನ ಹೇಳಬೇಕು. ಟಿವಿಯಾದರೆ ಮೊದಲು ವಾಹಿನಿಗೇ ಬರೆಯಿರಿ. ಮಾನನಷ್ಟ ಮೊಕದ್ದಮೆಯ ದಾರಿಯೂ ಇದೆ, ಅದು ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ವರ್ಷಗಟ್ಟಲೆ ಎಳೆಯುವ ಆ ದಾರಿಗೆ ಹೋಗುವ ಮೊದಲು, ಕಳಿಸಿದ ಮೇಲ್, ಫೋನ್ ಮಾಡಿದ ದಿನಾಂಕ, ಪತ್ರಿಕೆಯ ಆ ಪುಟ, ಎಲ್ಲವನ್ನೂ ಒಂದು ಫೈಲಿನಲ್ಲಿ ಜೋಡಿಸಿಟ್ಟುಕೊಂಡು ವಕೀಲರ ಜೊತೆ ಕೂತು ಮಾತನಾಡಿ.